ಮೂಳೆ ವಿಭಾಗ ಬೇಕು ಅಂದ ಮಗಳು, ಬೇಡ ಅಂದ ಮನೆ

(ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಸ್ಮಿತಾ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ (ಪಿಜಿ) ಸೀಟಿಗಾಗಿ ನೀಟ್ ಪಿಜಿ ಪರೀಕ್ಷೆ ಬರೆದಿದ್ದರು. ಆರ್ಥೋಪೆಡಿಕ್ಸ್ (ಮೂಳೆ ವಿಭಾಗ) ಸೀಟು ಸಿಗುವಷ್ಟು ರ‍್ಯಾಂಕ್ ಬಂದಿತ್ತು. ಯಾವ ಸೀಟು ಬೇಕು ಅಂತ ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿ ಹತ್ತಿರ ಬಂದಂತೆ ನಿದ್ದೆ ಕೆಟ್ಟಿತು, ಸಲಹೆ ಕೇಳಿಕೊಂಡು ನನ್ನ ಬಳಿ ಬಂದರು. ಅಪ್ಪ "ಸ್ಕಿನ್ ತಗೋ, ರಾತ್ರಿ ಡ್ಯೂಟಿ ಕಾಟ ಇರಲ್ಲ" ಅಂತಾರೆ. ಸೋದರತ್ತೆಗೆ ಮದುವೆ ಚಿಂತೆ. ಇಂಟರ್ನ್‌ಶಿಪ್‌ನಲ್ಲಿ ಒಬ್ಬ ಸೀನಿಯರ್ "ತೊಡೆ ಮೂಳೆ ಎಳೆಯೋಕೆ ನಿನ್ನ ಕೈಲಾಗುತ್ತಾ?" ಅಂತ ಎಲ್ಲರೆದುರು ನಕ್ಕಿದ್ದನಂತೆ.

ನಮ್ಮಲ್ಲಿ ಪಿಜಿ ಸೀಟಿಗೆ ಸಂದರ್ಶನವೇ ಇಲ್ಲ, ರ‍್ಯಾಂಕ್ ನೋಡಿ ಕೊಡುತ್ತಾರೆ. ಹೆಣ್ಣು ಅಂತ ಯಾರೂ ತಡೆಯುವಂತಿಲ್ಲ. ಆದರೂ ಎಂಬಿಬಿಎಸ್ ತರಗತಿಯಲ್ಲಿ ಅಷ್ಟೊಂದು ಹುಡುಗಿಯರಿದ್ದು, ಆರ್ಥೋದಲ್ಲಿ ಒಬ್ಬಿಬ್ಬರು ಸಿಕ್ಕರೆ ಜಾಸ್ತಿ. ಜರಡಿ ಹಿಡಿಯುವ ಕೆಲಸ ಮನೆಯಲ್ಲಿ, ವಾರ್ಡಿನಲ್ಲಿ ಮೊದಲೇ ಮುಗಿದಿರುತ್ತದೆ.

ಭಯಗಳನ್ನೆಲ್ಲ ಬರೆಯಿರಿ, ಯಾವುದು ನಿಮ್ಮದು ಯಾವುದು ಬೇರೆಯವರದು ಅಂತ ಗುರುತು ಹಾಕಿ ಅಂದೆ. ಬಲದ ಮಾತು ಸೀನಿಯರ್‌ನದು. ಎಳೆಯೋಕೆ ಟ್ರ್ಯಾಕ್ಷನ್ ಟೇಬಲ್ ಇದೆ, ಕೊರೆಯೋಕೆ ಡ್ರಿಲ್ ಇದೆ, ಉಳಿದದ್ದು ನಿಲ್ಲುವ ಭಂಗಿ, ಕೈಚಳಕ. ಅವರದೇ ಭಯ ಅಂತ ಉಳಿದದ್ದು ಒಂದೇ: ಮುಂದೆ ಬಸುರಿಯಾದರೆ, ಆಪರೇಷನ್ ವೇಳೆ ಮೂಳೆ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಯಂತ್ರದ ಪಕ್ಕ ನಿಲ್ಲುವುದು ಹೇಗೆ?

ಇದು ನಿಜವಾದ ಪ್ರಶ್ನೆ, ಸುಮ್ನೆ ಸಮಾಧಾನ ಹೇಳಿ ಕಳಿಸುವಂಥದ್ದಲ್ಲ. ಬಸುರಿ ಎಂದು ತಿಳಿಸಿದ ಮೇಲೆ ಮಗುವಿಗೆ ತಗಲುವ ವಿಕಿರಣ 1 ಮಿಲಿಸೀವರ್ಟ್ ದಾಟಬಾರದು ಅಂತ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಇದೆ. ಹಾಗಾಗಿ ಬೇಗ ತಿಳಿಸಬೇಕು, ವಿಕಿರಣ ಅಳೆಯುವ ಬ್ಯಾಡ್ಜ್ ತಪ್ಪದೆ ಹಾಕಬೇಕು, ಡ್ಯೂಟಿ ಬದಲಿಸಿ ಅಂತ ಬರವಣಿಗೆಯಲ್ಲೇ ಕೇಳಬೇಕು. 2023ರ ಪಿಜಿ ನಿಯಮಗಳಲ್ಲಿ ಹೆರಿಗೆ ರಜೆಯೂ ಇದೆ. ಆದರೆ ಹಾಜರಿ ಕಡಿಮೆಯಾದರೆ ಕೋರ್ಸ್ ಮುಗಿಯುವುದು ತಡವಾಗಬಹುದು, ಅದನ್ನೂ ಮುಚ್ಚಿಡಲಿಲ್ಲ.

ಕಾಲೇಜು ಆರಿಸುವ ಮುಂಚೆ ಅಲ್ಲಿನ ಪಿಜಿಗಳಿಗೆ ಫೋನ್ ಮಾಡಿ ಅಂದೆ. ಹಿಂದೆ ಹೆಣ್ಣುಮಕ್ಕಳು ಓದಿ ಮುಗಿಸಿದ್ದಾರಾ? ಅವರಿಗೆ ಆಪರೇಷನ್ ಮಾಡಲು ಕೊಡ್ತಾರಾ, ಬರೀ ಕೇಸ್ ಶೀಟ್ ಬರೆಸ್ತಾರಾ? ಡ್ಯೂಟಿ ರೂಮಿಗೆ ಒಳಗಿಂದ ಚಿಲಕ ಇದೆಯಾ? ವಿಕಿರಣ ತಡೆಯುವ, ಮೈಗೆ ಸರಿಹೊಂದುವ ಸೀಸದ ಏಪ್ರನ್ ಸಿಗುತ್ತಾ? (ನಮ್ಮಲ್ಲಿಗೆ ಹುಡುಗಿಯರೇ ಬರಲ್ಲ ಅನ್ನುವ ಮುಖ್ಯಸ್ಥರು ಮೊದಲು ಆ ಚಿಲಕ ನೋಡಿಕೊಂಡು ಬರಲಿ.)

ಆರ್ಥೋ ಮೊದಲು, ಅನಸ್ತೇಶಿಯಾ (ಅರಿವಳಿಕೆ) ಆಮೇಲೆ ಅಂತ ಆಪ್ಷನ್ ಹಾಕಿದರು. ಅಪ್ಪನಿಗೆ ಇನ್ನೂ ಮುನಿಸು. ಒಪ್ಪಿಸಿಯೇ ಸೇರಿ ಅಂತ ನಾನು ಹೇಳಲಿಲ್ಲ, ಸೇರಿದ ಮೇಲೆ ಒಂದು ದಿನ ಅಪ್ಪನನ್ನು ಒಪಿಡಿಗೆ ಕರೆದುಕೊಂಡು ಹೋಗಿ ಅಂದೆ.