ಆರಿದ್ರಾ ಸಿಡಿದರೆ ಮಳೆಯ ಗತಿ ಏನು?

ಪತ್ರ: ಕಳೆದ ಸಂಚಿಕೆಯಲ್ಲಿ ‘ಸಿಡಿಯಲಿದೆ ಆರ್ದ್ರಾ!’ ಎಂದು ತಲೆಬರಹ ಹಾಕಿದ್ದೀರಿ. ನಲವತ್ತು ವರ್ಷದಿಂದ ದಿನವೂ ಮಳೆ ಅಳೆದು ಡೈರಿಯಲ್ಲಿ ಬರೆದಿಡುವವನು ನಾನು. ಆ ನಕ್ಷತ್ರವೇ ಹೋದರೆ ಆರಿದ್ರಾ ಮಳೆಯ ಗತಿ ಏನು ಎಂದು ಮೊಮ್ಮಗ ಕೇಳಿದ. ತಮಾಷೆಗೆ ಕೇಳಿದ್ದೇ, ಆದರೆ ಉತ್ತರ ನನಗೂ ಗೊತ್ತಿಲ್ಲ. ಇನ್ನೊಂದು ಮಾತು. ಮಳೆಗಾಲದ ಮಂಜಿನಲ್ಲಿ ನನಗೆ ಪಕ್ಕದ ತೋಟದ ಸಿಲ್ವರ್ ಮರ ಕಾಣುವುದಿಲ್ಲ. ಈ ವಿಜ್ಞಾನಿಗಳಿಗೆ ಅಷ್ಟು ದೂರದ್ದು ಹೇಗೆ ಕಾಣುತ್ತದೆ? ಅದರಲ್ಲಿ ನೋಡಿದ್ದೆಷ್ಟು, ಊಹೆ ಎಷ್ಟು?
– ಓದುಗರು, ನಾಪೋಕ್ಲು

ಮಾನ್ಯರೇ,

ಆ ತಲೆಬರಹ ಇಟ್ಟವನು ನಾನೇ. ‘ಸಿಡಿಯಲಿದೆ’ ಎಂಬುದು ಸುಳ್ಳಲ್ಲ, ಆದರೆ ಯಾವಾಗ ಎಂಬುದನ್ನು ಲೇಖನದ ಕೊನೇ ಪ್ಯಾರಾಕ್ಕೆ ತಳ್ಳಿಬಿಟ್ಟಿದ್ದೆ. ಖಗೋಳ ವಿಜ್ಞಾನಿಗಳು ಹೇಳುವುದು ಸುಮಾರು ಒಂದು ಲಕ್ಷ ವರ್ಷದೊಳಗೆ ಎಂದು. ತಲೆಬರಹದ ಆ ಉದ್ಗಾರ ಚಿಹ್ನೆಗೆ ಕ್ಷಮೆ ಇರಲಿ.

ಮಳೆಯ ಮಾತು ಮೊದಲು. ಸೂರ್ಯ ಆರ್ದ್ರಾ ಭಾಗದಲ್ಲಿರುವ ಹದಿನಾಲ್ಕು ದಿನ, ಅಂದರೆ ಜೂನ್ 22ರ ಸುಮಾರಿನಿಂದ ಜುಲೈ 5ರವರೆಗೆ ಬೀಳುವುದಕ್ಕೆ ನಾವು ಆರಿದ್ರಾ ಮಳೆ ಎನ್ನುತ್ತೇವೆ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂದ ರೈತನಿಗೆ ನಕ್ಷತ್ರ ಬೇಕಾದದ್ದು ತಾರೀಖಿಗೆ, ನೀರಿಗಲ್ಲ. ಮೈಲಿಗಲ್ಲು ಉರುಳಿದರೆ ಮಡಿಕೇರಿ ಮಾಯವಾಗುತ್ತದೆಯೇ? ಆ ಮೈಲಿಗಲ್ಲೂ ನಿಂತಲ್ಲಿ ನಿಂತಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲಾಡುವುದರಿಂದ ಪಂಚಾಂಗದ ನಕ್ಷತ್ರಗಳು ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಋತುವಿನಿಂದ ಸರಿಯುತ್ತಿವೆ. ಸಾವಿರ ವರ್ಷದ ಹಿಂದೆ ಇದೇ ಹದಿನಾಲ್ಕು ದಿನದ ಮಳೆಗೆ ಪುನರ್ವಸು ಎನ್ನಬೇಕಿತ್ತು. ಹೆಸರು ಬದಲಾಯಿತು, ಬ್ರಹ್ಮಗಿರಿಗೆ ಮೋಡ ಬಂದು ಬಡಿಯುವುದು ನಿಲ್ಲಲಿಲ್ಲ.

ಇದರಲ್ಲೊಂದು ತಮಾಷೆಯಿದೆ. ಆರಿದ್ರಾ ಮಳೆಯ ಹೊತ್ತಿನಲ್ಲಿ ಆರಿದ್ರಾ ನಕ್ಷತ್ರವನ್ನು ಕಂಡವರಿಲ್ಲ. ಮೋಡವೇ ಇಲ್ಲದಿದ್ದರೂ ಕಾಣದು. ಆಗ ಅದು ಹೆಚ್ಚುಕಡಿಮೆ ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುತ್ತದೆ. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕವೂ ಆಗ ಅತ್ತ ಮುಖ ಮಾಡುವಂತಿಲ್ಲ, ಬಿಸಿಲು ಬಡಿದರೆ ಅದರ ಕಣ್ಣೇ ಹೋಗುತ್ತದೆ. 2020ರಲ್ಲಿ ಮಾತ್ರ ಒಂದು ಉಪಾಯ ಫಲಿಸಿತು. ಸೂರ್ಯನ ಅಧ್ಯಯನಕ್ಕೆಂದು ನಾಸಾ ಹಾರಿಸಿದ ಸ್ಟೀರಿಯೋ ಎಂಬ ನೌಕೆ ಆಗ ಭೂಮಿಯಿಂದ ಬಹಳ ಪಕ್ಕಕ್ಕೆ ಸರಿದಿತ್ತು. ಅದಕ್ಕೆ ಆರ್ದ್ರಾ ಬೇರೆ ಕೋನದಲ್ಲಿ ಕಾಣುತ್ತಿತ್ತು. ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗೆ, ನೀವು ದಿನಕ್ಕಿಷ್ಟು ಇಂಚು ಎಂದು ಬರೆಯುತ್ತಿದ್ದ ಅದೇ ದಿನಗಳಲ್ಲಿ, ಅದು ನಕ್ಷತ್ರದ ಬೆಳಕನ್ನು ಅಳೆದು ಕಳಿಸಿತು.

ಅಷ್ಟು ಆತುರ ಏಕೆಂದರೆ, ಹಿಂದಿನ ಚಳಿಗಾಲದಲ್ಲಿ ಆರ್ದ್ರಾ ಎಲ್ಲರನ್ನೂ ಗಾಬರಿಗೊಳಿಸಿತ್ತು. 2019ರ ಅಕ್ಟೋಬರಿನಿಂದ ಮಂಕಾಗುತ್ತ ಹೋಗಿ, 2020ರ ಫೆಬ್ರವರಿ ಮಧ್ಯಕ್ಕೆ ಬೆಳಕಿನ ಮೂರನೇ ಎರಡು ಭಾಗವನ್ನೇ ಕಳೆದುಕೊಂಡಿತ್ತು. ನನಗೆ ಆ ಜನವರಿ ಚೆನ್ನಾಗಿ ನೆನಪಿದೆ. ಸೋಮವಾರಪೇಟೆಯ ನೆಂಟರ ಮನೆ ಕಣದಲ್ಲಿ ರಾತ್ರಿ ಹಣ್ಣು ಕಾಫಿಗೆ ಟಾರ್ಪಾಲು ಎಳೆಯುತ್ತಿದ್ದೆವು. ತಲೆ ಎತ್ತಿದರೆ, ಯಾವಾಗಲೂ ಕೆಂಡದಂತಿರುವ ನಕ್ಷತ್ರ ಬೂದಿ ಮುಚ್ಚಿದ ಕೆಂಡವಾಗಿತ್ತು. ನಾನೂ ಇದೇನೋ ಕೊನೆಗಾಲ ಎಂದುಕೊಂಡೆ.

ಆಗಿದ್ದು ಹೆಚ್ಚುಕಡಿಮೆ ಬೂದಿ ಮುಚ್ಚಿದ್ದೇ. ಮಂಕಾಗುವ ಮುಂಚಿನಿಂದಲೇ ಹಬಲ್ ಈ ನಕ್ಷತ್ರವನ್ನು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ನೋಡುತ್ತಿತ್ತು. ಸೆಪ್ಟೆಂಬರಿನಿಂದ ನವೆಂಬರಿನ ನಡುವೆ ಅದರ ದಕ್ಷಿಣ ಭಾಗದಿಂದ ದಟ್ಟವಾದ ಬಿಸಿ ಅನಿಲದ ಮುದ್ದೆಯೊಂದು ಗಂಟೆಗೆ ಮೂರು ಲಕ್ಷ ಕಿ.ಮೀ. ಮೀರಿದ ವೇಗದಲ್ಲಿ ಹೊರಬರುತ್ತಿರುವುದು ಕಂಡಿತು. ದೂರ ಹೋದಂತೆ ಆ ಅನಿಲ ತಣ್ಣಗಾಗಿ ದೂಳಾಯಿತು, ದೂಳು ನಮ್ಮ ನೋಟಕ್ಕೆ ಅಡ್ಡ ಬಂತು. ನಕ್ಷತ್ರದ ಮೈ ಒಂದು ಕಡೆ ತಣ್ಣಗಾದದ್ದೂ ಇದಕ್ಕೆ ಸೇರಿದೆ. ಚಿಲಿ ದೇಶದ ದೊಡ್ಡ ದೂರದರ್ಶಕ ತೆಗೆದ ಚಿತ್ರದಲ್ಲಿ ಆರ್ದ್ರಾದ ಕೆಳಭಾಗ ಮಸಿ ಬಳಿದಂತಿತ್ತು. ಕೆಲ ತಿಂಗಳಲ್ಲಿ ಬೆಳಕು ಮರಳಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಹಬಲ್ ಇರುವುದು ನಮ್ಮ ತಲೆಯ ಮೇಲೆ ಸುಮಾರು ಐನೂರು ಕಿ.ಮೀ. ಎತ್ತರದಲ್ಲಿ, ಮಡಿಕೇರಿಯಿಂದ ಬೆಂಗಳೂರಿಗೆ ಹೋಗಿ ಬಂದಷ್ಟು. ಆರ್ದ್ರಾ ಐನೂರೈವತ್ತರಿಂದ ಏಳುನೂರು ಬೆಳಕಿನ ವರ್ಷ ದೂರ, ಅಂದರೆ ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಅಷ್ಟು ವರ್ಷ ಬೇಕು. ಆದ್ದರಿಂದ ಅದು ಮೇಲೆ ಹೋದದ್ದು ಹತ್ತಿರವಾಗುವುದಕ್ಕಲ್ಲ, ಗಾಳಿಯಿಂದ ಹೊರಗೆ ಬರುವುದಕ್ಕೆ. ನೇರಳಾತೀತವನ್ನು ಓಝೋನ್ ಪದರ ನುಂಗಿಬಿಡುತ್ತದೆ. ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಬಹುಪಾಲನ್ನು ತಡೆಯುವುದು ಯಾವುದು ಗೊತ್ತೇ? ನಮಗೆ ಮುಂಗಾರು ತರುವ ಅದೇ ನೀರಾವಿ. 2021ರ ಡಿಸೆಂಬರ್ 25ರಂದು ಹೊರಟ ಜೇಮ್ಸ್ ವೆಬ್ ದೂರದರ್ಶಕ ಹದಿನೈದು ಲಕ್ಷ ಕಿ.ಮೀ. ಆಚೆ, ಐದು ಪದರದ ನೆರಳುಬಟ್ಟೆಯ ಹಿಂದೆ ಕೂತಿದೆ. ತಾನೇ ಬೆಚ್ಚಗಿದ್ದರೆ ತನ್ನ ಶಾಖವೇ ಅದಕ್ಕೆ ಕಾಣತೊಡಗುತ್ತದೆ, ಅದಕ್ಕೇ ಮೈಯನ್ನು ಸೊನ್ನೆಗಿಂತ 220 ಡಿಗ್ರಿ ಕೆಳಗಿಟ್ಟುಕೊಂಡಿದೆ.

ಹಾಗಾದರೆ ಅವಕೆಂಪು ಕ್ಯಾಮೆರಾ ತಂದರೆ ಸಿಲ್ವರ್ ಮರ ಕಂಡೀತೇ ಎಂದು ನೀವು ಕೇಳಬಹುದು. ಹೆಚ್ಚಿನ ಪ್ರಯೋಜನವಿಲ್ಲ. ನಮ್ಮ ಮಂಜು ನೀರಿನ ಹನಿ. ಕಣ್ಣಿಗೆ ಸಣ್ಣದಾದರೂ ಬೆಳಕಿನ ಅಲೆಯ ಲೆಕ್ಕದಲ್ಲಿ ಅದು ಗುಂಡುಕಲ್ಲು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ. ನಕ್ಷತ್ರಗಳ ನಡುವಿನ ದೂಳು ಒಲೆಯ ಹೊಗೆಯಷ್ಟು ನವಿರು. ನೀಲಿ ಬೆಳಕು ಅದರಲ್ಲಿ ಸಿಕ್ಕಿಬೀಳುತ್ತದೆ, ಉದ್ದ ಅಲೆಯ ಅವಕೆಂಪು ನುಸುಳಿಕೊಂಡು ಬರುತ್ತದೆ. ವೆಬ್ ಚಿತ್ರಗಳಲ್ಲಿ ದೂಳಿನ ಕಂಬಗಳ ಒಳಗಿನ ಎಳೆ ನಕ್ಷತ್ರಗಳು ಕಾಣುವುದು ಹೀಗೆ.

ಊಹೆ ಎಷ್ಟು ಎಂದಿರಿ. ಆರ್ದ್ರಾದ ದೂಳನ್ನು ಯಾರೂ ಚಿಟಿಕೆ ತಂದಿಲ್ಲ, ನಿಜ. ಆದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಒಂದೊಂದು ಧಾತುವಿಗೂ ಅದರದೇ ಗೆರೆ ಇರುತ್ತದೆ. ಮೆಗ್ನೀಸಿಯಮ್‌ನ ಗೆರೆ ಇರಬೇಕಾದ ಜಾಗದಿಂದ ಎಷ್ಟು ಸರಿದಿದೆ ಎಂದು ನೋಡಿ ಅನಿಲದ ವೇಗ ಹೇಳುತ್ತಾರೆ. ಅದು ಅಳತೆ. ಆ ಅನಿಲವೇ ದೂಳಾಯಿತು ಎನ್ನುವುದು ಅಳತೆಗಳನ್ನು ಪೋಣಿಸಿ ಕಟ್ಟಿದ ವಿವರಣೆ. ಇವೆರಡರ ಗಡಿಯನ್ನು ನಾವು ಪತ್ರಿಕೆಯವರು ಅಳಿಸಿಬಿಡುತ್ತೇವೆ, ನಿಮ್ಮ ದೂರು ಅಷ್ಟರಮಟ್ಟಿಗೆ ಸರಿ.

ಸಿಡಿಯುತ್ತದೆ ಎಂಬ ಮಾತಿಗೂ ಆಧಾರ ಬೇಕಲ್ಲ. ನಮ್ಮ ಆಕಾಶಗಂಗೆಯಲ್ಲಿ ಜನ ಬರಿಗಣ್ಣಲ್ಲಿ ಕಂಡ ಕೊನೆಯ ನಕ್ಷತ್ರ ಸ್ಫೋಟ 1604ರದ್ದು. ಇನ್ನೊಂದಕ್ಕೆ ಇಲ್ಲೇ ಕಾದರೆ ಆಯುಸ್ಸು ಸಾಲದು, ಆದ್ದರಿಂದ ಆಕಾಶಗಂಗೆಯಂಥ ಬೇರೆ ನಕ್ಷತ್ರ ಸಮೂಹಗಳ, ಅಂದರೆ ಗೆಲಾಕ್ಸಿಗಳ ಮೇಲೆ ಕಣ್ಣಿಟ್ಟಿರುತ್ತಾರೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ, ಎರಡು ಕೋಟಿ ಬೆಳಕಿನ ವರ್ಷಕ್ಕೂ ಆಚೆಯ ಎಂ101 ಗೆಲಾಕ್ಸಿಯಲ್ಲಿ ಒಂದು ಸ್ಫೋಟ ಹಿಡಿದರು. ಕೂಡಲೇ ಹಳೇ ಚಿತ್ರಗಳ ಕಡತ ಬಿಚ್ಚಿದರು. ಹಬಲ್ ಮತ್ತು ಸ್ಪಿಟ್ಜರ್ ದೂರದರ್ಶಕಗಳು ವರ್ಷಗಳ ಹಿಂದೆ ತೆಗೆದ ಚಿತ್ರಗಳಲ್ಲಿ, ಅದೇ ಜಾಗದಲ್ಲಿ, ದೂಳು ಹೊದ್ದ ಕೆಂಪು ದೈತ್ಯ ನಕ್ಷತ್ರವೊಂದಿತ್ತು. ಆರ್ದ್ರಾದ ದಾಯಾದಿ ಎನ್ನಿ. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಈ ಸ್ಫೋಟವನ್ನು ನೇರಳಾತೀತದಲ್ಲೂ, ಹೊಸಕೋಟೆಯಲ್ಲಿ ಕೂತು ನಡೆಸುವ ಲಡಾಖಿನ ಹಾನ್ಲೆ ದೂರದರ್ಶಕ ಮಾಮೂಲಿ ಬೆಳಕಿನಲ್ಲೂ ಹಿಂಬಾಲಿಸಿದವು. ಸಾಯುವ ಮೊದಲು ತಾನೇ ಉಗುಳಿದ ಅನಿಲಕ್ಕೆ ಸ್ಫೋಟ ಹೋಗಿ ಢಿಕ್ಕಿ ಹೊಡೆದದ್ದು ಅದರಲ್ಲಿ ಗೊತ್ತಾಯಿತು. ಆರ್ದ್ರಾ ಉಗುಳಿದ ಒಂದು ಮುದ್ದೆಗೆ ಅಷ್ಟು ಜನ ಎದ್ದು ಕೂತದ್ದು ಇದಕ್ಕೇ.

ಆರ್ದ್ರಾ ಸಿಡಿದ ದಿನ ಹಗಲಲ್ಲೂ ಕಂಡೀತು. ಈ ದೂರದಲ್ಲಿ ನಮಗೆ ಅಪಾಯವಿಲ್ಲ.

ನಿಮ್ಮ ಡೈರಿಗೆ ಒಂದು ಕೆಲಸ ಹೇಳುತ್ತೇನೆ. ಕುಯ್ಲಿನ ಕಾಲಕ್ಕೆ ನಿಮ್ಮ ಮಳೆಯ ಕಾಲಂ ಹೇಗೂ ಖಾಲಿ. ಜನವರಿಯಲ್ಲಿ ಊಟಕ್ಕೆ ಮುಂಚೆ, ಎಂಟು ಗಂಟೆಗೆ ಮೊಮ್ಮಗನನ್ನು ಕರೆದುಕೊಂಡು ಕಣಕ್ಕೆ ಹೋಗಿ ಪೂರ್ವಕ್ಕೆ ನೋಡಿ. ಒಂದರ ಮೇಲೊಂದರಂತೆ ಮೂರು ನಕ್ಷತ್ರ ಸಾಲಾಗಿರುತ್ತವೆ. ಎಡಕ್ಕೆ ಕೆಂಪಗಿರುವುದೇ ಆರ್ದ್ರಾ. ಸಾಲಿನ ಬಲಕ್ಕೆ ಮಸುಕು ಚುಕ್ಕೆಯೊಂದಿದೆ, ಅದು ಈಗಲೂ ನಕ್ಷತ್ರ ಹುಟ್ಟಿಸುತ್ತಿರುವ ಅನಿಲದ ಮೋಡ, 1300 ಬೆಳಕಿನ ವರ್ಷ ದೂರದ್ದು. ಆ ಮೂರರಿಂದ ಮೇಲಕ್ಕೆ ಹೋದರೆ ರೋಹಿಣಿ. ಸಾಮಾನ್ಯವಾಗಿ ಆರ್ದ್ರಾ ರೋಹಿಣಿಗಿಂತ ಪ್ರಕಾಶಮಾನ, 2020ರ ಫೆಬ್ರವರಿಯಲ್ಲಿ ರೋಹಿಣಿಯೇ ಗೆದ್ದಿತ್ತು. ಯಾವುದು ಹೆಚ್ಚು ಎಂದು ಮೊಮ್ಮಗನನ್ನೇ ಕೇಳಿ, ಅವನು ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಮಾರ್ಚಿನಲ್ಲಿ ಕಾಫಿಯ ಹೂಮಳೆ ಎಷ್ಟು ಇಂಚು ಬಂತು ಎಂದು ಬರೆಯುತ್ತೀರಲ್ಲ, ಆ ಕಾಗದದಲ್ಲೇ ಇದನ್ನೂ ಸೇರಿಸಿ ಕಳಿಸಿ. ಅಚ್ಚು ಹಾಕುತ್ತೇವೆ, ಉದ್ಗಾರ ಚಿಹ್ನೆ ಇಲ್ಲದೆ.

– ಸಂಪಾದಕ