ಸೀನಿದರೆ ಸೋರುತ್ತದೆ, ಗಂಡನಿಗೆ ಹೇಗೆ ಹೇಳಲಿ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಬದಿಯಡ್ಕ ಕಡೆಯವಳು, ಶಾಲೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ಹೆರಿಗೆಯಾಯಿತು. ತುಂಬಾ ಹೊತ್ತು ಮುಕ್ಕಿದರೂ ಮಗು ಬಾರದೆ ಫೋರ್ಸೆಪ್ಸ್ (ಇಕ್ಕಳ) ಹಾಕಿ ತೆಗೆದರು. ಆಮೇಲಿಂದ ಕೆಮ್ಮಿದರೆ, ಸೀನಿದರೆ, ಮಗುವನ್ನು ಎತ್ತಿಕೊಂಡರೆ ಮೂತ್ರ ಸೋರುತ್ತದೆ. ಶಾಲೆಗೆ ಹೊರಟ ದಿನ ನೀರೇ ಕುಡಿಯುವುದಿಲ್ಲ. ಅಮ್ಮನಿಗೆ ಮಾತ್ರ ಹೇಳಿದ್ದೇನೆ. 'ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಕಟ್ಟಿಸಿಕೋ ಅಂದರೆ ಕೇಳಲಿಲ್ಲ' ಎಂದು ನನ್ನನ್ನೇ ಬೈದರು. ಗಂಡನಿಗೆ ಗೊತ್ತಾದರೆ ಅಸಹ್ಯಪಟ್ಟುಕೊಳ್ಳುತ್ತಾರೇನೋ ಎಂದು ಅವರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೇನೆ. ಅತ್ತೆ ಎರಡನೇ ಮಗುವಿನ ಮಾತು ಎತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಕಾಸರಗೋಡು ಜಿಲ್ಲೆ

ಉತ್ತರ: ಮೊದಲು ಆ ಬಟ್ಟೆಯ ವಿಷಯ ಮುಗಿಸಿಬಿಡೋಣ. ಹೊಟ್ಟೆಗೆ ಬಟ್ಟೆ ಸುತ್ತಿದರೆ ಸೊಂಟಕ್ಕೆ ಹಿತ ಅನಿಸಬಹುದು, ಅಷ್ಟೇ. ಒಳಗೆ ಕೆಳಗಡೆ ಆದ ಗಾಯ ಅದರಿಂದ ಕೂಡುವುದಿಲ್ಲ. ನಿಮಗೆ ಆಗಿರುವುದು ಹೆರಿಗೆಯ ಗಾಯ. ನಿಮ್ಮ ತಪ್ಪಲ್ಲ.

ಮೂತ್ರಕೋಶ, ಗರ್ಭಕೋಶ ಎರಡನ್ನೂ ಕೆಳಗಿನಿಂದ ಹೊತ್ತುಕೊಂಡಿರುವ ಸ್ನಾಯುಗಳಿವೆ. ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮಗುವಿನ ತಲೆ ಹೊರಬರುವಾಗ ಇದರ ಒಂದು ಭಾಗ ತನ್ನ ಉದ್ದದ ಮೂರು ಪಟ್ಟಿಗಿಂತ ಜಾಸ್ತಿ ಹಿಗ್ಗಬೇಕಾಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ತೋರಿಸಿವೆ. ತುಂಬಾ ಹೊತ್ತು ಮುಕ್ಕಿದಾಗ, ಮಗು ದೊಡ್ಡದಿದ್ದಾಗ, ಅದರಲ್ಲೂ ಫೋರ್ಸೆಪ್ಸ್ ಹಾಕಿದಾಗ ಈ ಸ್ನಾಯು ಎಲುಬಿನಿಂದಲೇ ಕಿತ್ತುಬರುವ ಸಾಧ್ಯತೆ ಹೆಚ್ಚು. ಅಲ್ಲಿನ ನರವೂ ಎಳೆದು ಜಜ್ಜಿಹೋಗಬಹುದು. ಹೊರಗೆ ಹರಿದ ಜಾಗಕ್ಕೆ ಹೊಲಿಗೆ ಹಾಕುತ್ತಾರೆ, ಅದು ಒಣಗುತ್ತದೆ, ಎಲ್ಲ ಸರಿಯಾಯಿತು ಎಂದು ಮನೆಗೆ ಕಳಿಸುತ್ತಾರೆ. ಒಳಗಿನದು ಕಣ್ಣಿಗೆ ಕಾಣುವುದಿಲ್ಲ, ಯಾರೂ ಹೊಲಿಯುವುದೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಮಗುವಿನ ತೂಕ ತಿಂಗಳು ತಿಂಗಳು ನೋಡುತ್ತಾರೆ, ತಾಯಿಗೆ 'ಕೆಮ್ಮಿದರೆ ಸೋರುತ್ತದಾ?' ಎಂದು ಒಂದು ಮಾತು ಕೇಳುವವರಿಲ್ಲ.

ಗಾಯಕ್ಕೂ ಸೋರುವುದಕ್ಕೂ ಏನು ಸಂಬಂಧ? ಕಂಗಿನ ತೋಟಕ್ಕೆ ನೀರು ಬಿಡುವ ಪೈಪನ್ನು ಗಟ್ಟಿ ನೆಲದ ಮೇಲಿಟ್ಟು ಮೆಟ್ಟಿದರೆ ನೀರು ನಿಲ್ಲುತ್ತದೆ. ಕೆಸರಿನಲ್ಲಿ ಮೆಟ್ಟಿದರೆ ಪೈಪು ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೂತ್ರನಾಳದ ಮೇಲೂ ಬೀಳುತ್ತದೆ. ಅಡಿಯಲ್ಲಿ ಗಟ್ಟಿ ಆಧಾರ ಇದ್ದರೆ ನಾಳ ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಇದರ ಜೊತೆಗೆ ನಾಳವನ್ನು ಬಿಗಿಹಿಡಿಯುವ ಸ್ನಾಯುವೂ ದುರ್ಬಲವಾಗಿರುತ್ತದೆ. ಸಿಸೇರಿಯನ್ ಆಗಿದ್ದರೆ ಅಪಾಯ ಕಡಿಮೆ ನಿಜ, ಆದರೆ ಪೂರ್ತಿ ತಪ್ಪುತ್ತಿರಲಿಲ್ಲ. ಬಸಿರಿನ ಭಾರವೂ ತನ್ನ ಪಾಲು ಕೊಡುತ್ತದೆ.

ಚಿಕಿತ್ಸೆ ಇದೆ, ಮೊದಲನೆಯದು ವ್ಯಾಯಾಮ. 1948ರಲ್ಲಿ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ ಹೇಳಿಕೊಟ್ಟದ್ದು, ಈಗಲೂ ಅವರ ಹೆಸರಿನಲ್ಲೇ ಇದೆ. ನಾಲ್ಕು ಜನರ ಮಧ್ಯೆ ಹೂಸು ತಡೆಯುವಾಗ ಯಾವುದನ್ನು ಬಿಗಿಹಿಡಿಯುತ್ತೀರೋ ಅದೇ ಸ್ನಾಯು. ಒಳಕ್ಕೆ, ಮೇಲಕ್ಕೆ ಎಳೆದು ಹಿಡಿದು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, ಕಡಿಮೆಯೆಂದರೂ 3 ತಿಂಗಳು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಸೀನು ಬರುತ್ತಿದೆ ಅನಿಸಿದ ಕೂಡಲೇ ಮೊದಲು ಬಿಗಿಹಿಡಿದು ಆಮೇಲೆ ಸೀನಿ. ತರಗತಿಯಲ್ಲಿ ನಿಮಗೆ ಬೇಗ ಉಪಯೋಗಕ್ಕೆ ಬರುವುದು ಇದು. ಎಷ್ಟೋ ಜನ ಬಿಗಿಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ, ಅದಕ್ಕೇ ಒಮ್ಮೆ ಇದು ಗೊತ್ತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯುವುದು ಒಳ್ಳೆಯದು. ನೀರು ಮಾತ್ರ ಬಿಡಬೇಡಿ. ಮಲಬದ್ಧತೆಯಾಗಿ ಮುಕ್ಕುವುದು ಹೆಚ್ಚಾಗುತ್ತದೆ, ಸೋರುವುದೂ ಹೆಚ್ಚಾಗುತ್ತದೆ.

ಸ್ತ್ರೀರೋಗ ತಜ್ಞರಿಗೆ ಹೇಗೂ ತೋರಿಸಿ. ಕಾಸರಗೋಡೋ ಮಂಗಳೂರೋ, ಹತ್ತಿರ ಯಾವುದೋ ಅಲ್ಲಿಗೆ. ಮಲಯಾಳದಲ್ಲಿ ಇಂಥದ್ದು ಹೇಳಲು ನಾಲಗೆ ಏಳದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಮೂತ್ರದಲ್ಲಿ ರಕ್ತ, ಉರಿ, ಕೆಳಗೆ ಏನೋ ಜಾರಿಬಂದ ಹಾಗೆ ಅನಿಸುವುದು, ದಿನವಿಡೀ ಸೋರುವುದು – ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ವ್ಯಾಯಾಮ ಸಾಲದವರಿಗೆ ಪೆಸರಿ (ಆಧಾರಕ್ಕೆಂದು ಯೋನಿಯೊಳಗೆ ಇಡುವ ಸಾಧನ) ಇದೆ, ಆಪರೇಷನ್ ಇದೆ. ಆಪರೇಷನ್ನನ್ನು ಸಾಮಾನ್ಯವಾಗಿ ಮಕ್ಕಳು ಸಾಕು ಎಂದಾದ ಮೇಲೆ ಮಾಡುತ್ತಾರೆ.

ಇನ್ನು ಗಂಡನಿಗೆ ಹೇಳುವುದು. ಹೇಳಿ, ಈ ವಾರವೇ ಹೇಳಿ. ನೀವು ದೂರ ಸರಿಯುತ್ತಿರುವುದು ಅವರಿಗೆ ಕಾಣುತ್ತದಲ್ವಾ? ಕಾರಣ ಗೊತ್ತಿಲ್ಲದೆ ಅವರು ಏನೇನು ಊಹಿಸಿಕೊಂಡಿದ್ದಾರೋ. ರಾತ್ರಿ ಮಲಗುವಾಗ ಬೇಡ, ಇಬ್ಬರೇ ಇರುವ ಹಗಲು ಹೊತ್ತು ನೋಡಿ. 'ಹೆರಿಗೆಯಲ್ಲಿ ಒಳಗೆ ಗಾಯವಾಗಿದೆ, ಸೋರುತ್ತದೆ, ಡಾಕ್ಟರಿಗೆ ತೋರಿಸಬೇಕು, ನೀವೂ ಬನ್ನಿ' – ಇಷ್ಟು ಸಾಕು. ಕ್ಷಮೆ ಕೇಳುವ ದನಿ ಬೇಡ. ಹತ್ತಿರವಾಗುವ ಮುಂಚೆ ಮೂತ್ರ ಮಾಡಿ ಬಂದರೆ ಭಯ ಅರ್ಧ ಇಳಿಯುತ್ತದೆ.

ಎರಡನೇ ಮಗು ಬೇಕೋ ಬೇಡವೋ ಎಂಬುದು ನಿಮ್ಮಿಬ್ಬರ ವಿಷಯ. ಬೇಕೆಂದರೆ ಈ ತೊಂದರೆ ಅಡ್ಡಿಯಲ್ಲ. ಆದರೆ ಬಸಿರಾಗುವ ಮೊದಲೇ ಸ್ನಾಯುಗಳಿಗೆ ಒಂದಷ್ಟು ಬಲ ಬರಲಿ. ಹೆರಿಗೆ ಹೇಗಾಗಬೇಕು ಎಂಬುದನ್ನು ಹಳೆಯ ಡಿಸ್ಚಾರ್ಜ್ ಕಾರ್ಡ್ ತೋರಿಸಿ ಡಾಕ್ಟರ ಜೊತೆ ಮಾತಾಡಿ. ಅಲ್ಲಿಯವರೆಗೆ ಅತ್ತೆಗೆ 'ಸ್ವಲ್ಪ ಸಮಯ ಹೋಗಲಿ' ಎಂಬ ಉತ್ತರ ಸಾಕು. ಅದನ್ನು ಅವರ ಮಗನೇ ಹೇಳಿದರೆ ಇನ್ನೂ ಒಳ್ಳೆಯದು.