ಠುಸ್ಸಾದ ಪಟಾಕಿ ಮತ್ತು ಬಿಗಿದ ಹೆಬ್ಬೆರಳು: ಓದುಗರ ಪ್ರಶ್ನೆಗೆ ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನನ್ನ ಮಗನಿಗೆ ಒಂಬತ್ತು ವರ್ಷ. ಕಳೆದ ದೀಪಾವಳಿಲಿ ಬಲಿಪಾಡ್ಯಮಿ ಮಾರನೇ ದಿನ ಬೆಳಗ್ಗೆ ಬೀದಿ ಹುಡುಗ್ರ ಜೊತೆ ಸೇರ್ಕೊಂಡು ಠುಸ್ ಆಗಿದ್ದ ಪಟಾಕಿ ಎಲ್ಲಾ ಆರಿಸ್ಕೊಂಡು ಬಂದು, ಮುರಿದು ಮದ್ದನ್ನ ಪೇಪರ್ ಮೇಲೆ ಸುರಿದು ಕಡ್ಡಿ ಗೀರಿದಾನೆ, ಭಗ್ ಅಂತ ಹತ್ಕೊಂಡು ಬಲಗೈ ಸುಟ್ಟೋಯ್ತು. ನಮ್ಮತ್ತೆ ಟೂತ್‌ಪೇಸ್ಟ್ ಹಚ್ಚಿದ್ರು, ಆಮೇಲೆ ಕ್ಲಿನಿಕ್ಕಿಗೆ ಹೋದ್ವಿ, ಡ್ರೆಸ್ಸಿಂಗ್ ಮಾಡಿಸ್ತಾ ಮಾಡಿಸ್ತಾ ಐದು ವಾರಕ್ಕೆ ಮಾಯ್ತು. ಈಗ ನೋಡಿದ್ರೆ ಹೆಬ್ಬೆರಳು ಪೂರ್ತಿ ಅಗಲ ಮಾಡಕ್ಕಾಗ್ತಿಲ್ಲ, ಅಲ್ಲಿ ಚರ್ಮ ಹಗ್ಗದ ಥರ ಗಟ್ಟಿಯಾಗಿದೆ. ಬೆಳೀತಾ ಸರಿ ಹೋಗುತ್ತೆ ಬಿಡು ಅಂತಾರೆ ಮನೇಲಿ. ಹೋಗುತ್ತಾ?
– ಒಬ್ಬ ತಾಯಿ, ತಿಪಟೂರು

ಉತ್ತರ: ಇಲ್ಲ ಅಮ್ಮ, ಹೋಗಲ್ಲ. ಬೆಳೀತಾ ಬೆಳೀತಾ ಇನ್ನೂ ಬಿಗಿಯಾಗೋ ಚಾನ್ಸೇ ಜಾಸ್ತಿ, ಯಾಕಂದ್ರೆ ಮಗು ಮೂಳೆ ಉದ್ದ ಆಗುತ್ತೆ ಆದ್ರೆ ಸುಟ್ಟ ಜಾಗದ ಕಲೆ ಅದ್ರ ಜೊತೆ ಹಿಗ್ಗಲ್ಲ. ಸುಟ್ಟಗಾಯ ಮೂರು ವಾರದೊಳಗೆ ಮಾಯ್ದಿಲ್ಲ ಅಂದ್ರೆನೇ ಆಳವಾಗಿ ಸುಟ್ಟಿದೆ, ಮುಂದೆ ಕಲೆ ದಪ್ಪ ಆಗಿ ಎಳ್ಕೊಳುತ್ತೆ ಅಂತ ಅನುಮಾನ ಪಡ್ಬೇಕು. ನಿಮ್ಮ ಹುಡುಗನಿಗೆ ಐದು ವಾರ ಆಗಿದೆ. ಗಾಯ ಮಾಯ್ತು ಅಂದ್ರೆ ಕೈ ಸರಿ ಹೋಯ್ತು ಅಂತ ಎಲ್ಲರೂ ಅಂದ್ಕೊತಾರೆ, ಎರಡೂ ಬೇರೆ ಬೇರೆ ವಿಷಯ.

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರೋ ಆ ಮೆತ್ತನೆ ಜಾಗ ಇದ್ಯಲ್ಲ, ಲೋಟ ಹಿಡಿಯೋದು, ಚೆಂಡು ಹಿಡಿಯೋದು ಎಲ್ಲಾ ಅದ್ರಿಂದಾನೇ. ಅದು ಮುದುಡ್ಕೊಂಡ್ರೆ ಅರ್ಧ ಕೈ ಹೋದಂಗೆ. ಆದಷ್ಟು ಬೇಗ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಪ್ಲಾಸ್ಟಿಕ್ ಸರ್ಜರಿ ಅಂದ್ರೆ ಸಿನಿಮಾದವರು ಮೂಗು ನೆಟ್ಟಗೆ ಮಾಡಿಸ್ಕೊಳೋದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಸುಟ್ಟ ಕೈ ನೋಡೋದೂ ಅವರೇ. ಬೆಂಗಳೂರಿಗೆ ಬರೋಕಾದ್ರೆ ವಿಕ್ಟೋರಿಯಾ ಆಸ್ಪತ್ರೇಲಿ ಸುಟ್ಟಗಾಯಕ್ಕೇ ಅಂತ ಮಹಾಬೋಧಿ ವಾರ್ಡ್ ಇದೆ. ಅವರು ಮೊದಲು ಫಿಸಿಯೋಥೆರಪಿ, ರಾತ್ರಿ ಹೆಬ್ಬೆರಳು ಅಗಲ ಇಡೋಕೆ ಸ್ಪ್ಲಿಂಟ್, ಬಿಗಿಯಾದ ಗ್ಲೌಸ್ ಕೊಡಬಹುದು. ಆ ಗ್ಲೌಸ್‌ನ ಸ್ನಾನದ ಹೊತ್ತು ಬಿಟ್ಟು ಹೆಚ್ಚುಕಮ್ಮಿ ದಿನದ 23 ಗಂಟೆನೂ ಹಾಕಿರ್ಬೇಕು, ಹುಡುಗ್ರು ಕಿತ್ತೆಸೀತಾರೆ, ನೀವು ಬಿಡ್ಬಾರ್ದು. ಹೊಸ ಕಲೆ ಒಂದು ಒಂದೂವರೆ ವರ್ಷದವರೆಗೂ ಬದಲಾಗ್ತಾನೇ ಇರುತ್ತೆ, ಅಷ್ಟರಲ್ಲಿ ಇದೆಲ್ಲಾ ಮಾಡಿದ್ರೆ ಉಪಯೋಗ ಜಾಸ್ತಿ. ಇದಕ್ಕೂ ಬಗ್ಗದಿದ್ರೆ ಆ ಹಗ್ಗನ ಬಿಡಿಸೋಕೆ ಆಪರೇಷನ್ ಇದೆ, ಹೆದರ್ಬೇಡಿ.

ಟೂತ್‌ಪೇಸ್ಟ್ ಬಗ್ಗೆ ನಿಮ್ಮತ್ತೇನ ಬೈಬೇಡಿ, ಪ್ರತಿ ಮನೇಲೂ ಒಂದೊಂದಿದೆ, ಇಂಕು, ಅರಿಶಿನ, ಕಾಫಿಪುಡಿ, ತುಪ್ಪ, ನಾನು ಎಲ್ಲಾನೂ ನೋಡಿದೀನಿ. ಏನೂ ಬೇಡ. ನಲ್ಲಿ ಕೆಳಗೆ ಕೈ ಹಿಡಿದು 20 ನಿಮಿಷ ನೀರು ಬಿಡಿ, ಗಡಿಯಾರ ನೋಡ್ಕೊಂಡು, ಯಾಕಂದ್ರೆ ಅಳ್ತಿರೋ ಮಗು ಮುಂದೆ ಎರಡು ನಿಮಿಷನೇ ಇಪ್ಪತ್ತು ಅನ್ಸುತ್ತೆ. ಸುಟ್ಟು ಮೂರು ಗಂಟೆ ಒಳಗೆ ಯಾವಾಗ ಮಾಡಿದ್ರೂ ಪ್ರಯೋಜನ ಇದೆ. ಐಸ್ ಇಡ್ಬೇಡಿ. ಉಂಗುರ, ಬಳೆ, ಕೈಗೆ ಕಟ್ಟಿರೋ ದಾರ ಮೊದ್ಲೇ ತೆಗೀರಿ, ಊದಿಕೊಂಡ ಮೇಲೆ ಕತ್ತರಿಸ್ಬೇಕಾಗುತ್ತೆ. ಗುಳ್ಳೆ ಒಡೀಬೇಡಿ, ಒಗೆದ ಬಟ್ಟೆ ಸಡಿಲವಾಗಿ ಸುತ್ತಿ, ಕೈ ಎತ್ತಿ ಹಿಡ್ಕೊಂಡು ಕರ್ಕೊಂಡು ಬನ್ನಿ. ಟಿಟಿ ಇಂಜೆಕ್ಷನ್ ಬೇಕಾ ಅಂತ ಅಲ್ಲೇ ಕೇಳಿ.

ಇನ್ನು ಆ ಠುಸ್ ಪಟಾಕಿ. ನಿಜ ಹೇಳ್ಲಾ, ಚಿಕ್ಕವನಿದ್ದಾಗ ನಾನೂ ಬೆಳಗ್ಗೆ ಐದೂವರೆಗೆ ಎದ್ದು ರಂಗೋಲಿ ಹಾಕೋಕೂ ಮುಂಚೆ ಬೀದಿ ತುಂಬಾ ಹುಡುಕ್ತಿದ್ದೆ, ಯಾರಿಗೆ ಜಾಸ್ತಿ ಸಿಕ್ತು ಅಂತ ಎಣಿಸ್ತಿದ್ವಿ. ಅಪ್ಪ ಅಮ್ಮ ಹಿಂದಿನ ರಾತ್ರಿ ಪಕ್ಕದಲ್ಲೇ ನಿಂತು ಜೋಪಾನ ಮಾಡ್ತಾರೆ, ಬೆಳಗ್ಗೆ ಎಲ್ಲರೂ ಮಲಗಿರ್ತಾರೆ, ಆವಾಗ್ಲೇ ಅನಾಹುತ ಆಗೋದು. ಮುರಿದು ಸುರಿದ ಮದ್ದು ಹೊತ್ಕೊಂಡ್ರೆ ಸುಡುತ್ತೆ. ಆದ್ರೆ ಬತ್ತಿ ಅರ್ಧ ಉರಿದು ನಿಂತಿರೋ ಪಟಾಕಿನ ಎತ್ಕೊಂಡು ಮುಷ್ಟೀಲಿ ಹಿಡ್ಕೊಂಡು ಊದ್ತಾರೆ ನೋಡಿ, ಅದು ಇನ್ನೂ ಕೆಟ್ಟದು. ನೆಲದ ಮೇಲೆ ಸಿಡಿದ್ರೆ ಆ ಜೋರು ಸುತ್ತ ಹರಡ್ಕೊಂಡು ಹೋಗುತ್ತೆ, ಮುಚ್ಚಿದ ಮುಷ್ಟಿ ಒಳಗೆ ಸಿಡಿದ್ರೆ ಹೋಗೋಕೆ ಜಾಗ ಇಲ್ಲ, ಅಂಗೈ ಹರಿಯುತ್ತೆ, ಹೆಬ್ಬೆರಳಿನ ಬುಡದ ಕೀಲೇ ಕಳಚ್ಕೊಳುತ್ತೆ. ರಾತ್ರಿ ಆಟ ಮುಗಿದ ಮೇಲೆ ಬಕೆಟ್ ನೀರು ತಗೊಂಡು ಹೋಗಿ ಬೀದೀಲಿ ಬಿದ್ದಿರೋದನ್ನೆಲ್ಲಾ ಅದರೊಳಗೆ ಹಾಕಿಬಿಡಿ. ಅದೂ ಠುಸ್ ಆದ ತಕ್ಷಣ ಅಲ್ಲ, ಸುಮಾರು ಹೊತ್ತು ಬಿಟ್ಟು, ದೊಡ್ಡೋರು ಹೋಗಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಪಟಾಕಿ ಕೊಡಲ್ಲ, ಬರೀ ಸುರುಸುರು ಬತ್ತಿ ಅಷ್ಟೆ. ಅದೂ ಗ್ರೀನ್ ಪಟಾಕಿ ಅಂಗಡೀದು. ತೊಂದರೆ ಇಲ್ಲ ತಾನೇ?
– ಅಜ್ಜ, ದಾವಣಗೆರೆ

ಉತ್ತರ: ಯಜಮಾನ್ರೇ, 'ಬರೀ' ಅನ್ನೋ ಮಾತೇ ನನಗೆ ಭಯ. ಕುದಿಯೋ ನೀರು 100 ಡಿಗ್ರಿ, ಸುರುಸುರು ಬತ್ತಿ ತುದಿ ಸಾವಿರ ಡಿಗ್ರಿ ಆಸುಪಾಸು ಹೋಗುತ್ತೆ. ನಾಲ್ಕು ವರ್ಷದ ಮಗು ಕೈ ಚಾಚಿ ಹಿಡಿಯುತ್ತೆ ಅಂತ ನಂಬೋಕಾಗಲ್ಲ, ಒಂದು ನಿಮಿಷ ಹಿಡಿದು ಆಮೇಲೆ ಲಂಗಕ್ಕೆ ತಾಗಿಸ್ಕೊಳುತ್ತೆ. ಆರಿದ ಮೇಲೂ ಆ ತಂತಿ ಬಿಸಿನೇ ಇರುತ್ತೆ, ಚೆನ್ನಾಗಿ ಕಾಣುತ್ತೆ ಅಂತ ಕೈಲಿ ಹಿಡೀತಾರೆ, ಕತ್ತಲಲ್ಲಿ ತುಳೀತಾರೆ. ನೀವು ಹಚ್ಚಿ, ಅವಳು ಜಗಲಿ ಮೇಲೆ ಕೂತು ನೋಡ್ಲಿ. ಗ್ರೀನ್ ಅಂದ್ರೆ ಸುಡಲ್ಲ ಅಂತ ಅಲ್ಲ. ಅದು ನೀರಿ (NEERI) ಅನ್ನೋ ಕೇಂದ್ರ ಸರ್ಕಾರದ ಪರಿಸರ ಸಂಶೋಧನಾ ಸಂಸ್ಥೆಯವರು ಹೊಗೆ, ಧೂಳು ಸುಮಾರು 30 ಪರ್ಸೆಂಟ್ ಕಮ್ಮಿ ಮಾಡೋಕೆ ಮಾಡಿರೋ ಫಾರ್ಮುಲಾ. ಗಾಳಿಗೆ ಸ್ವಲ್ಪ ಒಳ್ಳೇದು, ಬೆರಳಿಗೆ ಬೆಂಕಿ ಬೆಂಕಿನೇ.

ಪ್ರಶ್ನೆ: ಸಿಡಿದು ಬೆರಳ ತುದಿನೇ ತುಂಡಾದ್ರೆ ಏನ್ ಸಾರ್ ಮಾಡ್ಬೇಕು? ಐಸ್‌ನಲ್ಲಿ ಇಡ್ಬೇಕು ಅಂತಾರಲ್ಲ.
– ಓದುಗ, ಗದಗ

ಉತ್ತರ: ನೇರ ಐಸ್‌ಗೆ ಇಟ್ರೆ ತುಂಡಾದ ಭಾಗ ಕೆಡುತ್ತೆ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಆ ಕವರ್‌ನ ಐಸ್ ಹಾಕಿದ ನೀರೊಳಗೆ ಇಡಿ. ರಕ್ತ ಬರೋ ಕಡೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಪಟಾಕೀಲಿ ಜಜ್ಜಿಹೋಗಿರೋದ್ರಿಂದ ಮತ್ತೆ ಜೋಡಿಸೋಕೆ ಎಷ್ಟೋ ಸಲ ಆಗಲ್ಲ, ಆದ್ರೂ ಅದನ್ನ ತೀರ್ಮಾನ ಮಾಡೋದು ಸರ್ಜನ್, ನೀವು ಎಸೀಬೇಡಿ. ದಾರೀಲಿ ಮಗುಗೆ ಹಾಲು ಬಿಸ್ಕತ್ತು ಏನೂ ಕೊಡ್ಬೇಡಿ, ಹೋದ ತಕ್ಷಣ ಅನಸ್ತೇಸಿಯಾ ಕೊಡ್ಬೇಕಾಗಬಹುದು.